ಪುಸ್ತಕದ ಕೊನೇ ಪುಟದಲ್ಲಿ ಬರೆದವರು

ಇವತ್ತಿನ ಮಾತನ್ನ ಒಂದು ಹಲ್ಲುಪುಡಿಯಿಂದ ಶುರು ಮಾಡ್ತೀನಿ.

ನಂಜನಗೂಡು ಹಲ್ಲುಪುಡಿ ಗೊತ್ತಲ್ಲ? ಗುಲಾಬಿ ಬಣ್ಣದ್ದು. ಚಿಕ್ಕವರಿದ್ದಾಗ ನಾವು ಅದನ್ನ ಅಂಗೈಗೆ ಸುರ್ಕೊಂಡು, ಉಜ್ಜಿದ್ದಕ್ಕಿಂತ ತಿಂದದ್ದೇ ಜಾಸ್ತಿ. ಆ ಪುಡಿ ಮಾಡಿದ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾದದ್ದು 1913ರಲ್ಲಿ. ಅದೇ ವರ್ಷ, ಅದೇ ಊರಿನವರೊಬ್ಬರು ಇನ್ನೊಂದು ಕೆಲಸ ಶುರು ಮಾಡಿದ್ರು. ಅದರ ಹೆಸರು 'ಸತೀ ಹಿತೈಷಿಣೀ ಗ್ರಂಥಮಾಲೆ'. 26 ವರ್ಷದ ಒಬ್ಬ ಹೆಣ್ಣುಮಗಳು, ಬಾಲವಿಧವೆ, ತಾನೇ ಬರೆದು ತಾನೇ ಪ್ರಕಟಿಸೋಕೆ ಹೊರಟ ಪುಸ್ತಕ ಮಾಲೆ ಅದು. ಹಲ್ಲುಪುಡಿ ನಿಮಗೆಲ್ಲ ಗೊತ್ತು. ಆ ಹೆಣ್ಣುಮಗಳ ಹೆಸರು ಗೊತ್ತಾ?

ನಂಜನಗೂಡು ತಿರುಮಲಾಂಬ.

ನನಗೂ ತುಂಬಾ ವರ್ಷ ಗೊತ್ತಿರಲಿಲ್ಲ. ನಾನು ಪಕ್ಕದ ತಾಲ್ಲೂಕಿನವರು, ತಿರುಮಕೂಡಲು ನರಸೀಪುರದ ಕಡೆ. ನಂಜನಗೂಡು ದಾಟಿದ ಕಪಿಲೆ ಸುತ್ತೂರಿನ ಮೇಲೆ ಹಾದು ನಮ್ಮೂರಿಗೆ ಬಂದು ಕಾವೇರಿಗೆ ಸೇರ್ತಾಳೆ. ಹೊಳೆ ನೀರು ಬಂದ ಹಾಗೆ ಸುದ್ದಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದೇ ಇವತ್ತಿನ ಪ್ರಶ್ನೆ. ಪುಸ್ತಕ ಓದಿದವರು ಅದರ ಬಗ್ಗೆ ಆಡೋ ಮಾತು ಎಲ್ಲಿಗೆ ಹೋಗುತ್ತೆ? ಯಾರ ಅಭಿಪ್ರಾಯ ಚರಿತ್ರೆಯಲ್ಲಿ ಉಳಿಯುತ್ತೆ, ಯಾರದ್ದು ಅಳಿಸಿಹೋಗುತ್ತೆ?

ಈ ಪ್ರಶ್ನೆ ನನಗೆ ಯಾವ ತರಗತಿಯಲ್ಲೂ ಹುಟ್ಟಲಿಲ್ಲ. ನಮ್ಮಜ್ಜಿ ಟ್ರಂಕಿನಲ್ಲಿ ಹುಟ್ಟಿತು.

ಟ್ರಂಕಿನೊಳಗಿನ ಕಾದಂಬರಿ

ಅಜ್ಜಿ ಓದಿದ್ದು ಏಳನೇ ಕ್ಲಾಸು. ಆದರೆ ಕಾದಂಬರಿ ಓದೋದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆ ಕಾಲದಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳಿದ್ವು, ಸರ್ಕ್ಯುಲೇಟಿಂಗ್ ಲೈಬ್ರರಿ ಅಂತಿದ್ರು. ದಿನಕ್ಕೆ ಇಷ್ಟು ಪೈಸೆ ಅಂತ ಕೊಟ್ಟು ಕಾದಂಬರಿ ತರೋದು, ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದೇ ಬಾಡಿಗೆಯಲ್ಲಿ ಓದಿ ಮುಗಿಸೋದು. ಮಧ್ಯಾಹ್ನ ಊಟ ಆದ ಮೇಲೆ ಅಕ್ಕಿ ಆರಿಸ್ತಾ ಅದೇ ಮಾತು. ಅವಳು ಹಂಗೆ ಮಾಡಬಾರದಿತ್ತು, ಇವನಿಗೆ ಬುದ್ಧಿ ಇಲ್ಲ, ಬರೆದವರು ಕೊನೆಯಲ್ಲಿ ಆತುರ ಮಾಡಿಬಿಟ್ಟರು. ಇವತ್ತು ನಾವು ಬುಕ್ ಕ್ಲಬ್ ಅಂತೀವಲ್ಲ, ಅದಕ್ಕೆ ಅವರು ಹೆಸರಿಟ್ಟಿರಲಿಲ್ಲ ಅಷ್ಟೆ.

ಎರಡು ವರ್ಷದ ಹಿಂದೆ ಮನೆಗೆ ಸುಣ್ಣ ಬಳಿಸುವಾಗ ಅಜ್ಜಿಯ ಟ್ರಂಕು ತೆಗೆದೆ. ಒಳಗೆ ತ್ರಿವೇಣಿಯವರ 'ಶರಪಂಜರ', ವಾಪಸ್ ಕೊಡದೇ ಉಳಿಸಿಕೊಂಡ ಬಾಡಿಗೆ ಪ್ರತಿ. ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿದವರಿಗೆ ಕಥೆ ಗೊತ್ತು. ಬಾಣಂತನದಲ್ಲಿ ಮನಸ್ಸು ಕದಡಿದ ಕಾವೇರಿ, ಗುಣವಾಗಿ ಮನೆಗೆ ಬಂದರೂ ಅವಳನ್ನ ಹುಚ್ಚಿ ಅಂತಲೇ ನೋಡೋ ಜನ, ಕೈಬಿಟ್ಟ ಗಂಡ. ಪುಸ್ತಕದ ಕೊನೇ ಖಾಲಿ ಪುಟ ತಿರುಗಿಸಿದೆ. ಆ ಪುಟ ಖಾಲಿ ಇರಲಿಲ್ಲ.

ನಾಲ್ಕೈದು ಬೇರೆ ಬೇರೆ ಕೈಬರಹ. ಒಬ್ಬರು "ತುಂಬಾ ಚೆನ್ನಾಗಿದೆ" ಅಂತ ಬರೆದಿದ್ದಾರೆ. ಇನ್ನೊಬ್ಬರು "ಅಳು ಬರುತ್ತೆ, ಗರ್ಭಿಣಿಯರು ಓದಬೇಡಿ" ಅಂತ. ಮತ್ತೊಬ್ಬರು ಅದರ ಕೆಳಗೆ "ಗರ್ಭಿಣಿಯರೇ ಓದಬೇಕು" ಅಂತ ಗೆರೆ ಎಳೆದು ಉತ್ತರ ಕೊಟ್ಟಿದ್ದಾರೆ. ಕೊನೆಯಲ್ಲಿ, ನೀಲಿ ಇಂಕಿನಲ್ಲಿ, ನಮ್ಮಜ್ಜಿಯ ದುಂಡು ಅಕ್ಷರ: "ತಪ್ಪು ಮಾಡಿದ ಗಂಡ ಮನೆಯಲ್ಲೇ ಉಳಿದ. ಇವಳು ಮಾತ್ರ ಆಸ್ಪತ್ರೆಗೆ. ಇದು ನ್ಯಾಯವಾ?"

ಆ ಪುಟ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ದೆ. ಯಾಕಂದ್ರೆ ನನಗೆ ಇನ್ನೊಂದು ದಿನ ನೆನಪಾಯ್ತು. ಬಿ.ಎ. ಓದುವಾಗ ಒಂದು ರಜೆಯಲ್ಲಿ ಮನೆಗೆ ಬಂದಿದ್ದೆ. ಕಾಲೇಜಲ್ಲಿ ಹೊಸದಾಗಿ ನವ್ಯ, ಬಂಡಾಯ ಅಂತೆಲ್ಲ ಕಲಿತಿದ್ದ ಹುರುಪು. ಅಜ್ಜಿ ಯಾವುದೋ ಕಾದಂಬರಿ ಬಗ್ಗೆ ಹೇಳೋಕೆ ಬಂದರು. ನಾನು ನಕ್ಕು ಹೇಳಿದೆ, "ಅಜ್ಜಿ, ಅದೆಲ್ಲ ಸಾಹಿತ್ಯ ಅಲ್ಲ." ಅವರು "ಹಂಗಾ?" ಅಂದ್ರು. ಅಷ್ಟೆ. ಆಮೇಲೆ ನನ್ನ ಹತ್ತಿರ ಪುಸ್ತಕದ ಮಾತು ಎತ್ತಲೇ ಇಲ್ಲ. ಊಟ ಆಯ್ತಾ, ಬಸ್ ಸಿಕ್ತಾ, ಇಷ್ಟೇ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ತಿರುಮಲಾಂಬ ಅವರ ಕಥೆಯಲ್ಲೂ ಇಂಥದ್ದೊಂದು ಮೌನ ಇದೆ.

ಒಂದು ಮನೆ, ಒಂದು ಗ್ರಂಥಮಾಲೆ

ತಿರುಮಲಾಂಬ ಹುಟ್ಟಿದ್ದು 1887ರ ಮಾರ್ಚ್ 25ರಂದು, ನಂಜನಗೂಡಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್, ವಕೀಲರು. ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ವಿಧವೆ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಶುಭಕಾರ್ಯಕ್ಕಿಲ್ಲ, ಜಗಲಿಗಿಲ್ಲ, ಎದುರಿಗೆ ಬಂದರೆ ಅಪಶಕುನ. ಆದರೆ ಆ ಮನೆಯಲ್ಲಿ ಓದಿಗೆ ಬಾಗಿಲು ಮುಚ್ಚಲಿಲ್ಲ. ಅಪ್ಪ ಜೊತೆಗೆ ನಿಂತರು. ಕನ್ನಡದ ಜೊತೆ ತಮಿಳು, ತೆಲುಗು, ಸಂಸ್ಕೃತ ಕಲಿತರು. ಮನೆಯನ್ನೇ ಪಾಠಶಾಲೆ ಮಾಡಿ ಸುತ್ತಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಟ್ಟರು.

1913ರಲ್ಲಿ ಮೊದಲ ಕಾದಂಬರಿ 'ಸುಶೀಲೆ' ಬಂತು. ಈ ಇಸವಿಯನ್ನ ಸ್ವಲ್ಪ ಪಕ್ಕದಲ್ಲಿಟ್ಟು ನೋಡಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಕರೆಸಿಕೊಳ್ಳೋದು, ಬಂದದ್ದು 1899ರಲ್ಲಿ. ಅಂದ್ರೆ ಕನ್ನಡದಲ್ಲಿ ಈ ಪ್ರಕಾರಕ್ಕೇ ಆಗ ಹದಿನಾಲ್ಕು ವರ್ಷ. ಕನ್ನಡ ಸಾಹಿತ್ಯ ಪರಿಷತ್ತು ಇನ್ನೂ ಹುಟ್ಟಿರಲಿಲ್ಲ, ಅದು 1915ಕ್ಕೆ. ಮಾಸ್ತಿಯವರ ಮೊದಲ ಕಥಾಸಂಕಲನ ಬರೋಕೆ ಇನ್ನೂ ಏಳು ವರ್ಷ ಇತ್ತು. ನೂರು ಹೆಂಗಸರನ್ನ ಸಾಲಾಗಿ ನಿಲ್ಲಿಸಿದ್ರೆ ಅಕ್ಷರ ಬರುತ್ತಿದ್ದದ್ದು ಒಬ್ಬರಿಗೋ ಇಬ್ಬರಿಗೋ. ಅಂಥ ಹೊತ್ತಲ್ಲಿ ಒಬ್ಬ ಹೆಣ್ಣುಮಗಳು 'ಹೆಂಗಸರು ಓದೋಕೆ' ಅಂತಲೇ ಪ್ರಕಾಶನ ತೆರೆದರು. ಓದುಗರು ಇದ್ದಾರೆ ಅಂತ ಬರೆದದ್ದಲ್ಲ. ಬರೆದರೆ ಓದುಗರು ಹುಟ್ಟುತ್ತಾರೆ ಅನ್ನೋ ನಂಬಿಕೆ.

ಅದಾದ ಕೆಲವೇ ವರ್ಷಕ್ಕೆ 'ಕರ್ನಾಟಕ ನಂದಿನಿ' ಅನ್ನೋ ಮಾಸಪತ್ರಿಕೆ. ಕನ್ನಡದಲ್ಲಿ ಹೆಣ್ಣೊಬ್ಬಳು ಸಂಪಾದಕಿಯಾಗಿ ಹೆಂಗಸರಿಗಾಗಿ ನಡೆಸಿದ ಮೊದಲ ಪತ್ರಿಕೆ ಅಂತ ಅದನ್ನ ಗುರುತಿಸ್ತಾರೆ. ಮಕ್ಕಳಿಗೆ 'ಸನ್ಮಾರ್ಗದರ್ಶಿನಿ' ಅಂತ ಇನ್ನೊಂದು. ಕಾದಂಬರಿ, ನಾಟಕ, ಪ್ರಬಂಧ ಎಲ್ಲ ಸೇರಿ ಇಪ್ಪತ್ತೈದಕ್ಕೂ ಹೆಚ್ಚು ಪುಸ್ತಕ ಬರೆದರು. ಬೇರೆ ಲೇಖಕಿಯರ ಪುಸ್ತಕವನ್ನೂ ಮಾಲೆಯಲ್ಲಿ ತಂದರು.

ಈಗ ಪ್ರಾಮಾಣಿಕವಾಗಿ ನನ್ನ ಅಭಿಪ್ರಾಯ ಹೇಳ್ತೀನಿ. ಅವರ ಬರವಣಿಗೆ ಇವತ್ತು ಸಲೀಸಾಗಿ ಓದಿಸಿಕೊಳ್ಳಲ್ಲ. ಭಾಷೆ ಗ್ರಾಂಥಿಕ. ಆದರ್ಶ ಹೆಣ್ಣು, ಪಾತಿವ್ರತ್ಯ, ಧರ್ಮ, ನೀತಿ ಎಲ್ಲ ಬೇಕಾದಷ್ಟಿದೆ. ಗ್ರಂಥಮಾಲೆಯ ಹೆಸರಲ್ಲೇ 'ಸತೀ' ಇದೆ ನೋಡಿ. ಮೊದಲು ಓದಿದಾಗ ನಾನು ಹತ್ತು ಪುಟಕ್ಕೆ ಒಂದು ಸಲ ಫೋನ್ ನೋಡ್ತಿದ್ದೆ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಹೆಣ್ಣುಗಳು ಯೋಚಿಸ್ತಾರೆ, ಓದ್ತಾರೆ, ವಾದ ಮಾಡ್ತಾರೆ. ಹಳೆಯ ಮೌಲ್ಯವನ್ನ ಬಾಯಲ್ಲಿ ಹೇಳ್ತಾನೇ, ಆ ಹೆಣ್ಣಿಗೆ ಬುದ್ಧಿ ಇದೆ ಅನ್ನೋದನ್ನ ಕಥೆ ತೋರಿಸ್ತಾ ಹೋಗುತ್ತೆ. 1913ರಲ್ಲಿ ಅಡುಗೆ ಮನೆಯ ಮೂಲೆಯಲ್ಲಿ ಅದನ್ನ ಓದಿದ ಹುಡುಗಿಗೆ ಹೇಗನ್ನಿಸಿರಬೇಕು? ನನಗೆ ಬೇಕಾಗಿದ್ದದ್ದು ಅವಳ ಅಭಿಪ್ರಾಯ.

ಅದೇ ಸಿಗಲ್ಲ. ಅವಳ ಮಾತು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ.

ಉಳಿದ ಮಾತು, ಉಳಿಯದ ಮಾತು

ಉಳಿದದ್ದು ವಿಮರ್ಶಕರ ಮಾತು. ಹೊಸಗನ್ನಡ ಸಾಹಿತ್ಯಕ್ಕೆ ಒಂದು ರೂಪ ಬರ್ತಿದ್ದ ಕಾಲ ಅದು. ಯಾವುದು ಸಾಹಿತ್ಯ, ಯಾವುದು ಅಲ್ಲ ಅಂತ ತೀರ್ಮಾನ ಆಗ್ತಿತ್ತು. ತಿರುಮಲಾಂಬ ಅವರ ಬರವಣಿಗೆಯನ್ನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕಟುವಾಗಿ ವಿಮರ್ಶಿಸಿದರು. ಮಾಸ್ತಿ ಅಂದ್ರೆ ಸಣ್ಣವರಲ್ಲ. ಕನ್ನಡ ಸಣ್ಣಕತೆಗೆ ದಾರಿ ಹಾಕಿದವರು, 1983ರ ಜ್ಞಾನಪೀಠ ಪಡೆದವರು. ಅಂಥವರ ಮಾತಿಗೆ ತೂಕ ಇರುತ್ತೆ. ಕಾಲಕ್ರಮೇಣ ತಿರುಮಲಾಂಬ ಬರೆಯೋದನ್ನ ನಿಲ್ಲಿಸಿದರು. ನಂಜನಗೂಡು ಬಿಟ್ಟು ಮದರಾಸಿಗೆ ಹೋದರು. 1982ರಲ್ಲಿ ತೀರಿಕೊಂಡಾಗ 95 ವರ್ಷ.

ಒಂದು ವಿಮರ್ಶೆಯಿಂದಲೇ ಒಬ್ಬ ಲೇಖಕಿ ಸುಮ್ಮನಾದರು ಅಂದುಬಿಟ್ಟರೆ ಕಥೆ ತುಂಬಾ ಸಲೀಸಾಗುತ್ತೆ. ಪತ್ರಿಕೆ ನಡೆಸೋದು ದುಡ್ಡಿನ ಕೆಲಸ, ಕಾಲ ಬದಲಾಗ್ತಿತ್ತು, ಓದುಗರ ರುಚಿ ಬದಲಾಗ್ತಿತ್ತು. ಮಾಸ್ತಿಯವರಿಗೆ ತಮ್ಮ ಅಭಿಪ್ರಾಯ ಹೇಳೋ ಹಕ್ಕು ಪೂರ್ತಿ ಇತ್ತು. ಪುಸ್ತಕ ಇಷ್ಟ ಆಗದಿದ್ರೆ ಹೇಳಲೇಬೇಕು. ನನ್ನ ತಕರಾರು ಬೇರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಚ್ಚಾದ ವಿಮರ್ಶೆ ಇತ್ತು. ಇನ್ನೊಂದು ತಟ್ಟೆಯಲ್ಲಿ ಇರಬೇಕಾಗಿದ್ದ ಓದುಗ ಹೆಂಗಸರ ಮಾತು ಅಚ್ಚಾಗಲೇ ಇಲ್ಲ. ಮಧ್ಯಾಹ್ನದ ಹರಟೆಯಲ್ಲೇ ಹುಟ್ಟಿ ಅಲ್ಲೇ ಮುಗಿದುಹೋಯ್ತು. ಹಾಗಾಗಿ ಮುಂದೆ ಬಂದವರಿಗೆ ಒಂದು ಕಡೆಯ ಮಾತು ಮಾತ್ರ ಕೇಳಿಸ್ತು.

ಆ ತಟ್ಟೆಗೆ ಏನಾದ್ರೂ ಹಾಕಿದವರು ಮುಂದಿನ ತಲೆಮಾರಿನ ಹೆಂಗಸರು. ಚಿ.ನ. ಮಂಗಳಾ ಅವರು ತಿರುಮಲಾಂಬ ಅವರ ಬಗ್ಗೆ ಬರೆದರು. ವಿಜಯಾ ದಬ್ಬೆ ಅವರು 'ಹಿತೈಷಿಣಿಯ ಹೆಜ್ಜೆಗಳು' ಮೂಲಕ ಅವರನ್ನ ಮತ್ತೆ ಓದುವ ಹಾಗೆ ಮಾಡಿದರು. ಬೆಂಗಳೂರಿನ ಎನ್‌ಎಂಕೆಆರ್‌ವಿ ಕಾಲೇಜಿನ ಶಾಶ್ವತಿ ಮಹಿಳಾ ಅಧ್ಯಯನ ಕೇಂದ್ರ ಅವರ ಹೆಸರಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತೆ. ಇವರೆಲ್ಲ ಇಲ್ಲದಿದ್ರೆ ಇವತ್ತಿನ ಈ ಸಂಚಿಕೆ ಇರ್ತಿರಲಿಲ್ಲ.

ಇದು ತಿರುಮಲಾಂಬ ಅವರೊಬ್ಬರ ಪಾಡೂ ಅಲ್ಲ. ನಮ್ಮಜ್ಜಿಯ ಟ್ರಂಕಲ್ಲಿದ್ದ ತ್ರಿವೇಣಿ ಇದ್ದಾರಲ್ಲ, 1928ರಲ್ಲಿ ಹುಟ್ಟಿ 1963ರಲ್ಲಿ, ಇನ್ನೂ 34 ವರ್ಷಕ್ಕೇ ತೀರಿಕೊಂಡವರು. ಹೆಣ್ಣಿನ ಮನಸ್ಸಿನ ಕಾಯಿಲೆ ಬಗ್ಗೆ ಆ ಕಾಲದಲ್ಲಿ ಅಷ್ಟು ಧೈರ್ಯವಾಗಿ ಬರೆದರು. ಆದರೂ ಅವರ ಕಾಲದ ಲೇಖಕಿಯರಿಗೆಲ್ಲ ಸೇರಿಸಿ ಒಂದು ಹಣೆಪಟ್ಟಿ ಸಿದ್ಧವಾಗಿತ್ತು, 'ಅಡುಗೆಮನೆ ಸಾಹಿತ್ಯ'. ನಾನು ಅಜ್ಜಿಗೆ ಹೇಳಿದ ಮಾತು ನನ್ನ ಸ್ವಂತ ಬುದ್ಧಿಯದ್ದಲ್ಲ. ಎಲ್ಲೋ ಕೇಳಿ, ಎರವಲು ತಂದದ್ದು.

ಅರ್ಥ ಆಗಲ್ಲ ಅಂದವರು ಯಾರು?

ಈಗ ಅದೇ ನಂಜನಗೂಡು ತಾಲ್ಲೂಕಿನ ಇನ್ನೊಂದು ಪುಸ್ತಕಕ್ಕೆ ಬರ್ತೀನಿ. ಇಲ್ಲಿ ಕಥೆ ಸ್ವಲ್ಪ ತಿರುಗುತ್ತೆ.

ದೇವನೂರು ಮಹಾದೇವ ಹುಟ್ಟಿದ್ದು 1948ರಲ್ಲಿ, ನಂಜನಗೂಡು ತಾಲ್ಲೂಕಿನ ದೇವನೂರಲ್ಲಿ. 1973ರಲ್ಲಿ 'ದ್ಯಾವನೂರು' ಕಥೆಗಳು. ಆಮೇಲೆ 'ಒಡಲಾಳ', ಕಳೆದುಹೋದ ಹುಂಜ ಹುಡುಕೋ ಸಾಕವ್ವನ ಕಥೆ. 1980ರ ದಶಕದಲ್ಲಿ 'ಕುಸುಮಬಾಲೆ'. ಮೇಲ್ಜಾತಿಯ ಕುಸುಮ, ದಲಿತರ ಹುಡುಗ ಚೆನ್ನ, ಅವರ ಪ್ರೀತಿ, ಅವನ ಕೊಲೆ. ಇಡೀ ಪುಸ್ತಕ ನಮ್ಮ ಕಡೆ ಮಾತಲ್ಲಿದೆ. ಪತ್ರಿಕೆಯ ಕನ್ನಡ ಅಲ್ಲ, ಬೆಂಗಳೂರಿನ ಕನ್ನಡ ಅಲ್ಲ, ನಂಜನಗೂಡು, ನರಸೀಪುರ, ಚಾಮರಾಜನಗರದ ಸೀಮೆಯ ಮಾತು.

ಪುಸ್ತಕ ಬಂದಾಗ ಓದುಗರು ಎರಡು ಪಾಲಾದರು. ಇಂಥದ್ದು ಕನ್ನಡದಲ್ಲಿ ಬಂದೇ ಇಲ್ಲ ಅಂದವರು ಒಂದು ಕಡೆ. ಏನೂ ಅರ್ಥ ಆಗಲ್ಲ ಅಂದವರು ಇನ್ನೊಂದು ಕಡೆ. ಇದನ್ನ ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅನ್ನೋ ಕುಹಕ ಕೂಡ ಸಾಹಿತ್ಯ ವಲಯದಲ್ಲಿ ಓಡಾಡಿತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ವಾಂಸ ಎಲ್. ಬಸವರಾಜು ಅವರು ಅದರ ಗದ್ಯದೊಳಗಿನ ಲಯ ಹಿಡಿದು, ಸಾಲು ಮುರಿದು, ಪದ್ಯದ ಹಾಗೆ ಜೋಡಿಸಿ ತೋರಿಸಿದರು. ರಂಗದ ಮೇಲೆ ಬಂತು. 2015ರಲ್ಲಿ ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದವೂ ಬಂತು.

ಕಾಲೇಜಲ್ಲಿ ನಾನೂ 'ಕಷ್ಟ' ಅಂದವರ ಗುಂಪಲ್ಲೇ ಇದ್ದೆ. ನಮ್ಮೂರಿನ ಮಾತು ನನಗೇ ಕಷ್ಟ! ಮೈಸೂರಿಗೆ ಓದೋಕೆ ಹೋದ ಮೇಲೆ ಕ್ಲಾಸಿನಲ್ಲಿ ನಗ್ತಾರೆ ಅಂತ 'ಬತ್ತದ', 'ಹೋಯ್ತದ' ಎಲ್ಲ ನಾಲಿಗೆಯಿಂದ ಉಜ್ಜಿ ತೆಗೆದಿದ್ದೆ.

ಟ್ರಂಕು ತೆಗೆದ ಆ ವಾರ ನನಗೊಂದು ಯೋಚನೆ ಬಂತು. ಅಜ್ಜಿಗೆ ಈಗ ಕಣ್ಣು ಮಂಜು. ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣಲ್ಲ. 'ಕುಸುಮಬಾಲೆ' ತಗೊಂಡು ಪಕ್ಕದಲ್ಲಿ ಕೂತೆ. "ಅಜ್ಜಿ, ಓದ್ತೀನಿ, ಕೇಳ್ತೀರಾ?" ಅಂದೆ. "ನಿಂದು ಸಾಹಿತ್ಯ. ನಂಗೇನ್ ಗೊತ್ತಾದ್ದು ಮೊಗ" ಅಂದ್ರು. ಅಷ್ಟು ವರ್ಷದ ಹಿಂದಿನ ನನ್ನ ಮಾತು ಹಾಗೇ ಇಟ್ಕೊಂಡಿದ್ರು. ಕ್ಷಮಿಸಿ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಓದೋಕೆ ಶುರು ಮಾಡಿದೆ.

ನಾನು ತಡವರಿಸಿದ ಕಡೆಯೆಲ್ಲ ಅಜ್ಜಿ ತಿದ್ದಿದ್ರು. ಎಲ್ಲಿ ಎಳೀಬೇಕು, ಎಲ್ಲಿ ನುಂಗಬೇಕು ಅಂತ. ಅರ್ಥ ಹೇಳಿ ಅಂತ ಒಂದು ಸಲವೂ ಕೇಳಲಿಲ್ಲ. ಆ ಪುಸ್ತಕದಲ್ಲಿ ಜೋತಮ್ಮಗಳು ಬರ್ತಾರೆ, ಮನೆಮನೆಯ ದೀಪದ ಜ್ಯೋತಿಗಳು. ರಾತ್ರಿ ಹೊತ್ತು ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡ್ಕೋತಾರೆ. ಅಲ್ಲಿಗೆ ಬಂದಾಗ ಅಜ್ಜಿ ಜೋರಾಗಿ ನಕ್ಕುಬಿಟ್ರು. ವಿಮರ್ಶೆಯ ಪುಸ್ತಕದಲ್ಲಿ ನಾನು 'ಮಾಂತ್ರಿಕ ವಾಸ್ತವ' ಅಂತ ಓದಿದ್ದ ಜಾಗ ಅದು. ಅಜ್ಜಿಗೆ ಅದು ಗೊತ್ತಿದ್ದ ಸಂಗತಿ.

ಆಶ್ಚರ್ಯ ಪಡೋಕೆ ಏನಿಲ್ಲ ಅಂತ ಆಮೇಲೆ ಅನ್ನಿಸ್ತು. ನಮ್ಮ ಸೀಮೆಯಲ್ಲಿ ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಥೆ ಹಾಡ್ತಾರೆ, ದೇವರಗುಡ್ಡರು ಮಲೆ ಮಾದೇಶ್ವರನ ಕಥೆ ಹಾಡ್ತಾರೆ, ಇಡೀ ರಾತ್ರಿ. ಕೇಳೋರು ಸುಮ್ಮನೆ ಕೂರಲ್ಲ. ನಡುನಡುವೆ 'ಹ್ಞೂಂ' ಅಂತಾರೆ, ಅಳ್ತಾರೆ, ಬೈತಾರೆ. ಹಳೆಯ ಮನೆಗಳ ಜಗಲಿಯಲ್ಲಿ ಗಮಕಿ ಭಾರತ ಓದಿದ್ರೆ ಪಕ್ಕದಲ್ಲಿ ಅರ್ಥ ಹೇಳೋರು ಇರ್ತಿದ್ರು. ಕೇಳಿದವರು ಕರ್ಣನ ಪರ, ಅರ್ಜುನನ ಪರ ಅಂತ ಜಗಳ ಆಡಿಕೊಂಡು ಮನೆಗೆ ಹೋಗ್ತಿದ್ರು. ಪುಸ್ತಕದ ಬಗ್ಗೆ ಮಾತಾಡೋದು ನಮಗೆ ಹೊಸದಲ್ಲ. ಅಕ್ಷರ ಬರದವರಿಗೂ ಅದು ಬರ್ತಿತ್ತು.

ಹಾಗಾದ್ರೆ 'ಕುಸುಮಬಾಲೆ ಅರ್ಥ ಆಗಲ್ಲ' ಅಂದಾಗ, ಯಾರಿಗೆ ಅಂತ ಕೇಳಬೇಕಿತ್ತಲ್ವಾ? ಓದೋ ಅಭ್ಯಾಸ ಇದ್ದವರಿಗೆ ಆ ಮಾತು ಬರ್ತಿರಲಿಲ್ಲ. ಆ ಮಾತು ಬರ್ತಿದ್ದವರ ಕೈಗೆ ಪುಸ್ತಕ ಸೇರಿರಲಿಲ್ಲ, ಅಥವಾ ಅವರ ಅಭಿಪ್ರಾಯ ಯಾರೂ ಕೇಳಿರಲಿಲ್ಲ. 1913ರ ಓದುಗ ಹುಡುಗಿಗೆ ಆದದ್ದೂ ಇದೇ.

ಕೊನೇ ಪುಟ

ಪುಸ್ತಕ ಮುಗಿಯೋಕೆ ಎಂಟು ಸಂಜೆ ಬೇಕಾಯ್ತು. ಅಜ್ಜಿಗೆ ಎಲ್ಲ ಹಿಡಿಸಲಿಲ್ಲ. ಒಂದೆರಡು ಕಡೆ ಸಾಕು ಮುಂದಕ್ ಹೋಗು ಅಂದ್ರು. ಚೆನ್ನನ ವಿಷಯ ಬಂದಾಗ ಮಾತ್ರ ಏನೂ ಹೇಳದೆ ಹೊಳೆ ಕಡೆ ಮುಖ ಮಾಡಿ ಕೂತಿದ್ರು. ಅವರ ಕಾಲದಲ್ಲಿ ನಮ್ಮ ಬೀದಿಯಲ್ಲೂ ಮೇಲುಕೀಳು ಇತ್ತು, ಇವತ್ತೂ ಹೋಗಿಲ್ಲ. ಯಾವ ಮನೆಯ ಯಾರು ನೆನಪಾದರೋ, ನಾನು ಕೇಳಲಿಲ್ಲ.

ಎಂಟನೇ ದಿನ ಪುಸ್ತಕ ಮುಚ್ಚಿದಾಗ ಹೇಳಿದ್ರು, "ಇದ ಬರ್ದವ್ನು ನಮ್ ಮಾತ ಕೇಳ್ಸ್ಕಂಡವ್ನ ಕನಾ ಮೊಗ." ಸ್ವಲ್ಪ ಹೊತ್ತು ಬಿಟ್ಟು, "ಬರ್ಕೊ, ಕೊನೇ ಪುಟ್‌ದಲ್ಲಿ. ನಂಗ ಕಾಣದಿಲ್ಲ" ಅಂದ್ರು.

ಬರ್ಕೊಂಡೆ. ಅವರು ಹೇಳಿದ ಹಾಗೇ, ತಿದ್ದದೆ. ಕೆಳಗೆ ತಾರೀಖು ಹಾಕಿದೆ.

ಈಗ ನಮ್ಮ ಕಾಲಕ್ಕೆ ಬರೋಣ. ಇವತ್ತು ನಮ್ಮ ಕೈಯಲ್ಲಿ ಫೋನ್ ಇದೆ. ಒಂದು ಪುಸ್ತಕ ಓದಿ ಸ್ಟೋರಿ ಹಾಕ್ತೀವಿ, ಕವರ್ ಪಕ್ಕ ಒಂದು ಕಾಫಿ ಲೋಟ, ಐದು ಸ್ಟಾರ್. ಇಪ್ಪತ್ನಾಲ್ಕು ಗಂಟೆಗೆ ಮಾಯ. ಅದರಲ್ಲಿ ತಪ್ಪೇನಿಲ್ಲ, ನಾನೂ ಹಾಕ್ತೀನಿ. ಆದರೆ ಆ ಬಾಡಿಗೆ ಪ್ರತಿಯ ಕೊನೇ ಪುಟ ಅಷ್ಟು ವರ್ಷ ಟ್ರಂಕಲ್ಲಿ ಕೂತು ನನಗಾಗಿ ಕಾದಿತ್ತು. ಅದನ್ನ ಬರೆದ ಐದು ಜನರಲ್ಲಿ ನಾಲ್ವರ ಹೆಸರು ನನಗೆ ಗೊತ್ತಿಲ್ಲ. ಆದರೆ 'ಗರ್ಭಿಣಿಯರೇ ಓದಬೇಕು' ಅಂತ ಉತ್ತರ ಕೊಟ್ಟ ಆ ಹೆಂಗಸು ನನಗೆ ಎಷ್ಟೋ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತು ಅನ್ನಿಸುತ್ತೆ.

ಅದಕ್ಕೇ ಒಂದು ಸಣ್ಣ ಕೆಲಸ ಕೊಡ್ತೀನಿ. ಈ ವಾರ ಮನೆಯಲ್ಲಿ ಒಬ್ಬರನ್ನ ಕೇಳಿ. ಅಜ್ಜಿ, ಅತ್ತೆ, ಅಮ್ಮ, ಪಕ್ಕದ ಮನೆಯ ದೊಡ್ಡಪ್ಪ, ಯಾರಾದ್ರೂ ಸರಿ. ನೀವು ಓದಿದ ಯಾವ ಪುಸ್ತಕ ಇನ್ನೂ ನೆನಪಿದೆ? ಯಾಕೆ ಇಷ್ಟ ಆಯ್ತು, ಯಾಕೆ ಕೋಪ ಬಂತು? ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಆ ಮಾತನ್ನ ಅವರದ್ದೇ ಮಾತಲ್ಲಿ ಬರ್ಕೊಳ್ಳಿ. ಸಾಧ್ಯ ಆದ್ರೆ ಪುಸ್ತಕದ ಕೊನೇ ಪುಟದಲ್ಲಿ. ಆದರೆ ದಯವಿಟ್ಟು, ಸರ್ಕಾರಿ ಗ್ರಂಥಾಲಯದ ಪುಸ್ತಕದಲ್ಲಿ ಮಾತ್ರ ಬೇಡ, ಗ್ರಂಥಪಾಲಕರು ನನ್ನನ್ನ ಹುಡುಕಿಕೊಂಡು ಬರ್ತಾರೆ.

ನಮ್ಮಲ್ಲಿ ಈಗ ಎರಡನೇ ಪುಸ್ತಕ ಶುರುವಾಗಿದೆ. 'ಸುಶೀಲೆ'. ಅಜ್ಜಿ ಇಪ್ಪತ್ತು ಪುಟಕ್ಕೇ ಒಂದು ತೀರ್ಪು ಕೊಟ್ಟಿದ್ದಾರೆ, "ಇವ್ಳು ಬಾಳಾ ಒಳ್ಳೇವ್ಳು ಆಗ್ಬುಟ್ಟವ್ಳ, ನೋಡ್ವ ಮುಂದ." ತಿರುಮಲಾಂಬ ಅವರ ಪುಸ್ತಕಕ್ಕೆ ನೂರು ವರ್ಷ ದಾಟಿದ ಮೇಲೆ, ಹೊಳೆ ಕೆಳಗಿನ ಊರಿಂದ ಒಂದು ಅಭಿಪ್ರಾಯ ಹೊರಟಿದೆ. ಮುಗಿದ ಮೇಲೆ ಪೂರ್ತಿ ಹೇಳ್ತೀನಿ.

ಅಲ್ಲಿವರೆಗೆ, ನೀವು ಈಗ ಏನು ಓದ್ತಿದ್ದೀರಿ?